ಸೀಸೆಯೊಳಗಿನ ವಿಜಯಾ: ಮಂಡ್ಯ ಸೀಮೆಯ ರೋಗಿಗೆ ಸಿಬಿಡಿ ಟಿಂಚರ್ ಎಷ್ಟು ಸಲ್ಲುತ್ತದೆ?

ಮದ್ದೂರು, ಮಳವಳ್ಳಿ ಕಡೆ ‘ಟಿಂಚರ್’ ಎಂದರೆ ಗಾಯಕ್ಕೆ ಹಚ್ಚುವ, ಹಚ್ಚಿದೊಡನೆ ಚುರುಗುಟ್ಟುವ ಕಂದು ಬಣ್ಣದ ಅಯೋಡಿನ್. ನಾಲಗೆಯಡಿ ಹನಿಸಿಕೊಳ್ಳುವ ಟಿಂಚರ್ ಒಂದಿದೆ, ಅದು ಗಾಂಜಾ ಗಿಡದಿಂದ ಬರುತ್ತದೆ ಎಂದರೆ ಹಿರಿಯರು ಹುಬ್ಬು ಗಂಟಿಕ್ಕುತ್ತಾರೆ. ಹಾಗೆ ನೋಡಿದರೆ ಇಂದು ಮಾರಾಟವಾಗುತ್ತಿರುವ ಬಹುಪಾಲು ಸೀಸೆಗಳಿಗೆ ಟಿಂಚರ್ ಎಂಬ ಹೆಸರೇ ಒಪ್ಪದು. ಟಿಂಚರ್ ಎಂದರೆ ಮದ್ಯಸಾರದಲ್ಲಿ ಇಳಿಸಿದ ಕಷಾಯ, ಇವುಗಳಲ್ಲಿರುವುದು ಎಣ್ಣೆ. ಈ ಸೀಸೆ ನಮಗೆ ಒಗ್ಗುತ್ತದೆಯೇ ಎಂದು ಕೇಳುವವರು ಮೊದಲು ಅದರೊಳಗೆ ಏನಿದೆ, ಎಷ್ಟಿದೆ ಎಂದು ಕೇಳಬೇಕೆಂಬುದು ಪ್ರಸ್ತುತ ಲೇಖನದ ವಾದ. ಅದಕ್ಕೆ ಉತ್ತರ ಸಿಕ್ಕರೆ ಉಳಿದದ್ದು ಬಹುಮಟ್ಟಿಗೆ ತಾನಾಗಿ ಇತ್ಯರ್ಥವಾಗುತ್ತದೆ.

ಗಿಡವೇನೂ ಈ ಸೀಮೆಗೆ ಹೊಸದಲ್ಲ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಠವುಳ್ಳ ಮಂಟೇಸ್ವಾಮಿಯ ಕಥನವನ್ನು ನೀಲಗಾರರ ಬಾಯಲ್ಲಿ ಕೇಳಿದವರಿಗೆ ‘ಭಂಗಿ’, ಅಂದರೆ ಈ ಗಿಡದ ಸೊಪ್ಪು, ಅಪರಿಚಿತ ಶಬ್ದವಲ್ಲ. ಆಯುರ್ವೇದದಲ್ಲಿ ಇದೇ ಗಿಡದ ಹೆಸರು ವಿಜಯಾ. ಶಾರ್ಙ್ಗಧರ ಸಂಹಿತೆ ಭಂಗಿಯನ್ನು ಅಫೀಮಿನ ಜೊತೆಗೆ ‘ವ್ಯವಾಯಿ’ ಎಂಬ ಗುಂಪಿಗೆ ಸೇರಿಸುತ್ತದೆ: ಜೀರ್ಣವಾಗುವ ಮೊದಲೇ ಮೈಯೆಲ್ಲ ವ್ಯಾಪಿಸುವ ದ್ರವ್ಯ. ವೈದ್ಯರು ಸೊಪ್ಪನ್ನು ತೊಳೆದು, ಒಣಗಿಸಿ, ತುಪ್ಪದಲ್ಲಿ ಹುರಿದು ಶೋಧಿಸದೆ ಬಳಸುತ್ತಿರಲಿಲ್ಲ. ನಿಜವಾದ ಟಿಂಚರ್ ಕೂಡ ನಮ್ಮ ದೇಶದಿಂದಲೇ ಪಶ್ಚಿಮಕ್ಕೆ ಹೋಯಿತು. 1839ರಲ್ಲಿ ಕಲ್ಕತ್ತೆಯ ವೈದ್ಯ ವಿಲಿಯಂ ಓಶಾಗ್ನೆಸ್ಸಿ ಮದ್ಯಸಾರದಲ್ಲಿ ಇಳಿಸಿದ ಗಾಂಜಾ ಸತ್ವವನ್ನು ಧನುರ್ವಾಯು ರೋಗಿಗಳಿಗೂ ಸೆಳವು ಬರುತ್ತಿದ್ದ ಒಂದು ಕೂಸಿಗೂ ಕೊಟ್ಟು ಕಂಡದ್ದನ್ನು ಬರೆದಿಟ್ಟ. ಆತನ ಸೀಸೆಯಲ್ಲಿ ಗಿಡದ ಎಲ್ಲವೂ ಇತ್ತು. ಅದರಿಂದ ಕ್ಯಾನಬಿಡಿಯಾಲ್, ಅಂದರೆ ಸಿಬಿಡಿ, ಬೇರೆಯಾದದ್ದು 1940ರಲ್ಲಿ. ಅದರ ರಚನೆ ತಿಳಿದದ್ದು 1963ರಲ್ಲಿ, ರಾಫೆಲ್ ಮೆಶೂಲಂ ಅವರ ಕೆಲಸದಿಂದ. ಮರುವರ್ಷ ಅವರ ತಂಡವೇ ಅಮಲೇರಿಸುವ ಟಿಎಚ್‌ಸಿಯನ್ನು ಶುದ್ಧರೂಪದಲ್ಲಿ ಹಿಡಿಯಿತು. ಸಿಬಿಡಿ ಅಮಲೇರಿಸುವುದಿಲ್ಲ, ಚಟ ಹಿಡಿಸುವ ಲಕ್ಷಣವೂ ಅದಕ್ಕಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ ಹೇಳಿದೆ. ಆ ಮಾತು ಶುದ್ಧ ಸಿಬಿಡಿಗೆ ಸಲ್ಲುತ್ತದೆ, ಅಂಗಡಿಯ ಪ್ರತಿಯೊಂದು ಸೀಸೆಗೂ ಅಲ್ಲ.

ಭಾರತದ ಸೀಸೆಯನ್ನು ಕಾನೂನಿನ ಕಡೆಯಿಂದ ನೋಡಿದರೆ ಅದರ ಹೂರಣ ಬೇಗ ತಿಳಿಯುತ್ತದೆ. ಎನ್‌ಡಿಪಿಎಸ್ ಎಂದೇ ಹೆಸರಾದ 1985ರ ಕಾಯ್ದೆ ಗಿಡದ ರಾಳವನ್ನೂ ಹೂಗೊನೆಯನ್ನೂ ನಿಷೇಧಿಸಿ, ಗೊನೆಯಿಂದ ಬೇರೆಯಾದ ಎಲೆಯನ್ನೂ ಬೀಜವನ್ನೂ ಗಾಂಜಾದ ವ್ಯಾಖ್ಯೆಯಿಂದ ಹೊರಗಿಟ್ಟಿತು. ಭಂಗಿ ಈ ಕಾಯ್ದೆಯಡಿ ನಿಷೇಧಿತವಲ್ಲ ಎಂದು 2022ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಜಾಮೀನು ಪ್ರಕರಣದಲ್ಲಿ ಹೇಳಿದ್ದೂ ಇದೇ ವ್ಯಾಖ್ಯೆಯ ಬಲದಿಂದ. ಆಯುರ್ವೇದ ಕಂಪನಿಗಳು ಈ ಸಂದಿಯಲ್ಲೇ ನಡೆಯುತ್ತವೆ: ಸೀಸೆಯ ಮೇಲೆ ‘ವಿಜಯಾ’ ಎಂದಿರುತ್ತದೆ, ತಯಾರಿಕೆಗೆ ಆಯುಷ್ ಪರವಾನಗಿ ಇರುತ್ತದೆ. ಆದರೆ ಬೀಜದ ಹೊರತು ಭಂಗಿಯ ಭಾಗಗಳು ಔಷಧ ನಿಯಮಗಳ ಇ-1 ಷೆಡ್ಯೂಲಿನಲ್ಲಿ, ವಿಷದ್ರವ್ಯಗಳ ಸಾಲಿನಲ್ಲಿವೆ; ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ಸೇವಿಸಬೇಕೆಂಬ ಎಚ್ಚರಿಕೆ ಲೇಬಲ್ಲಿನ ಮೇಲೆ ಕಡ್ಡಾಯ. ಸೊಪ್ಪಿನ ಸತ್ವದಲ್ಲಿ ಸಿಬಿಡಿಯೊಂದಿಗೆ ಟಿಎಚ್‌ಸಿಯೂ ಇಳಿಯುತ್ತದೆ. ಹೀಗಾಗಿ 0.3 ಶೇಕಡಕ್ಕಿಂತ ಹೆಚ್ಚು ಟಿಎಚ್‌ಸಿ ಇರದ, ಹೆಂಪ್ ಎಂಬ ಗಾಂಜಾ ತಳಿಯಿಂದ ಮಾಡಿದ ಅಮೆರಿಕದ ಸೀಸೆಯೂ ನಮ್ಮ ವಿಜಯಾ ಸೀಸೆಯೂ ಒಂದೇ ಎಂದುಕೊಳ್ಳುವುದು ಪ್ರಮಾದ. ಅಲ್ಲಿಂದ ಸೂಟ್‌ಕೇಸಿನಲ್ಲಿ ತರುವುದು ಬೇರೆಯೇ ತೊಡಕು.

ಇಲ್ಲಿ ಭಾಷೆಯದೂ ಒಂದು ಎಡವಟ್ಟಿದೆ. ಹೆಂಪ್ ಎಂಬುದನ್ನು ಪತ್ರಿಕೆಗಳು ‘ಸೆಣಬು’ ಎಂದು ಅನುವಾದಿಸುತ್ತವೆ. ಮಂಡ್ಯದ ರೈತನಿಗೆ ಸೆಣಬು ಎಂದರೆ ಭತ್ತಕ್ಕೆ ಮೊದಲು ಬಿತ್ತಿ ಉಳುವ ಹಸಿರೆಲೆ ಗೊಬ್ಬರದ ಅಪ್ಸೆಣಬು. ಅದಕ್ಕೂ ಗಾಂಜಾಕ್ಕೂ ನಂಟಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರ 2021ರಲ್ಲಿ ಆಹಾರವಾಗಿ ಒಪ್ಪಿದ ಹೆಂಪ್ ಬೀಜದ ಎಣ್ಣೆಯೂ ಸಿಬಿಡಿ ಎಣ್ಣೆಯಲ್ಲ. ಬೀಜದಲ್ಲಿ ಸಿಬಿಡಿ ಇಲ್ಲವೆನ್ನುವಷ್ಟು ಕಡಿಮೆ.

ಈಗ ಲೆಕ್ಕಕ್ಕೆ ಬರೋಣ. ಮಳವಳ್ಳಿ ತಾಲ್ಲೂಕಿನ ಒಂದು ಮನೆಯನ್ನು ಊಹಿಸಿಕೊಳ್ಳಿ. ಅರವತ್ತು ದಾಟಿದ ತಾಯಿ. ನಾಟಿ, ಕಳೆ, ಕಬ್ಬಿನ ಕಟಾವಿನಲ್ಲಿ ಸವೆದ ಮಂಡಿ. ತೂಕ 60 ಕೆ.ಜಿ. ಹೊರದೇಶದಿಂದ ಬಂದ ಮಗ 30 ಮಿಲಿಲೀಟರಿನ ಸೀಸೆ ಕೈಗಿಟ್ಟು “ಅವ್ವ, ನಾಲಗೆ ಕೆಳಗೆ ಅರ್ಧ ಡ್ರಾಪರ್ ಬುಟ್ಕೊ, ಮಂಡಿನೋವು ಕಮ್ಮಿ ಆಯ್ತದೆ” ಎನ್ನುತ್ತಾನೆ. ಸೀಸೆಯ ಮೇಲೆ 1000 ಮಿಲಿಗ್ರಾಂ ಎಂದಿದೆ. ಅಂದರೆ ಒಂದು ಮಿಲಿಲೀಟರಿಗೆ ಸುಮಾರು 33 ಮಿಲಿಗ್ರಾಂ, ಡ್ರಾಪರ್ ಒಂದು ಮಿಲಿಲೀಟರಿನದಾದರೆ ಅರ್ಧಕ್ಕೆ 17ರ ಆಸುಪಾಸು. ಸಿಬಿಡಿ ಕೆಲಸ ಮಾಡುತ್ತದೆ ಎಂದು ಗಟ್ಟಿಯಾಗಿ ಸಿದ್ಧವಾಗಿರುವುದು ಮಕ್ಕಳ ಕೆಲವು ತೀವ್ರ ಮೂರ್ಛೆರೋಗಗಳಲ್ಲಿ. ಎಪಿಡಿಯೊಲೆಕ್ಸ್ ಎಂಬ ಶುದ್ಧ ಸಿಬಿಡಿ ಔಷಧಿಗೆ ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಸಿಕ್ಕಿದ್ದು ಡ್ರಾವೆ, ಲೆನಾಕ್ಸ್-ಗ್ಯಾಸ್ಟೋ ಎಂಬ ಎರಡು ಸಿಂಡ್ರೋಮ್‌ಗಳಿಗೆ. ಅಲ್ಲಿ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 10 ಮಿಲಿಗ್ರಾಂ, ಕೆಲವೊಮ್ಮೆ 20. ಈ ತಾಯಿಯ ತೂಕಕ್ಕೆ ಕನಿಷ್ಠ 600 ಮಿಲಿಗ್ರಾಂ ಆಯಿತು, ಎಂದರೆ ದಿನವೊಂದಕ್ಕೆ 18 ಮಿಲಿಲೀಟರ್. ಸೀಸೆ ಎರಡು ದಿನವೂ ಬಾರದು. ಮೂರ್ಛೆರೋಗದ ಪ್ರಯೋಗಗಳ ಕೀರ್ತಿಯನ್ನು ಅರ್ಧ ಡ್ರಾಪರಿನ ಸೀಸೆಗೆ ಹೊರಿಸುವ ಮಾರಾಟಗಾರರು ಈ ಗುಣಾಕಾರವನ್ನು ಗಿರಾಕಿಯ ಮುಂದೆ ಮಾಡುವುದಿಲ್ಲ.

ಹಾಗೆಂದು ಹೆಚ್ಚು ಕುಡಿದರೆ ಸರಿಹೋಗುತ್ತದೆಯೇ? ಬ್ರಿಟನ್ನಿನ ಆಹಾರ ಮಾನಕ ಸಂಸ್ಥೆ 2023ರಲ್ಲಿ ಆರೋಗ್ಯವಂತ ವಯಸ್ಕರಿಗೂ ದಿನಕ್ಕೆ 10 ಮಿಲಿಗ್ರಾಂ ಸಾಕು ಎಂದು ಮಿತಿ ತಗ್ಗಿಸಿತು; ಅದರ ಆತಂಕಗಳಲ್ಲಿ ಲಿವರ್ ಒಂದು. ಸಾಲದ್ದಕ್ಕೆ, ಕೊಬ್ಬಿನ ಊಟದ ಜೊತೆ ತೆಗೆದುಕೊಂಡರೆ ರಕ್ತಕ್ಕೆ ಸೇರುವ ಸಿಬಿಡಿ ಬರಿಹೊಟ್ಟೆಗಿಂತ ಸುಮಾರು ನಾಲ್ಕು ಪಟ್ಟು. ಬೆಳಗ್ಗೆ ಬರಿಹೊಟ್ಟೆಯ ಹನಿಯೂ ಸಂಜೆ ಎಣ್ಣೆಯಲ್ಲಿ ಕರಿದ ಮದ್ದೂರು ವಡೆಯ ಮೇಲಿನ ಹನಿಯೂ ಒಂದೇ ಪ್ರಮಾಣದ ಮದ್ದಾಗಿ ಉಳಿಯುವುದಿಲ್ಲ.

ಆ ತಾಯಿ ಮಗನಿಗೆ ಮರುಪ್ರಶ್ನೆ ಹಾಕುತ್ತಾಳೆ ಎಂದುಕೊಳ್ಳೋಣ: “ಆಸ್ಪತ್ರೆ ಮಾತ್ರೆ ಜೊತೇಲಿ ಇದ ಕುಡೀಬೋದೇನ್ಲಾ?” ಇಡೀ ಚರ್ಚೆಯಲ್ಲಿ ಅತ್ಯಂತ ವೈಜ್ಞಾನಿಕವಾದ ಪ್ರಶ್ನೆ ಇದು. ಹಲವು ಮಾತ್ರೆಗಳನ್ನು ಕರಗಿಸಿ ಹೊರಹಾಕುವ ಲಿವರಿನ ಕಿಣ್ವಗಳನ್ನು ಸಿಬಿಡಿ ತಡೆಹಿಡಿಯುತ್ತದೆ. ಫಿಟ್ಸ್‌ಗೆ ಕೊಡುವ ಕ್ಲೋಬಜಾಮ್ ಜೊತೆ ಸೇರಿದರೆ ಅದರ ಕ್ರಿಯಾಶೀಲ ಅಂಶ ರಕ್ತದಲ್ಲಿ ಮೂರು ಪಟ್ಟಿನಷ್ಟು ಏರಿ ರೋಗಿ ಮಂಪರಿಗೆ ಬೀಳಬಹುದು. ವಾಲ್ಪ್ರೊಯೇಟ್ ಜೊತೆಗಾದರೆ ಲಿವರಿಗೆ ಪೆಟ್ಟು. ಹೃದಯದ ವಾಲ್ವ್ ಬದಲಾಯಿಸಿಕೊಂಡು ವಾರ್ಫರಿನ್ ನುಂಗುವವರಲ್ಲಿ ರಕ್ತ ಮಿತಿಮೀರಿ ತೆಳುವಾಗಿ ರಕ್ತಸ್ರಾವದ ಭಯ. ಮೈಸೂರಿನ ಅಥವಾ ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ರಕ್ತ ಹೆಪ್ಪುಗಟ್ಟುವ ವೇಗವನ್ನು ಅಳೆಯುವ ಐಎನ್‌ಆರ್ ಪರೀಕ್ಷೆ ಮಾಡಿಸಿಕೊಳ್ಳುವ ಇಂಥವರು ಮಂಡ್ಯ ಜಿಲ್ಲೆಯಲ್ಲೂ ಇದ್ದಾರೆ. ಗರ್ಭಿಣಿಯರೂ ಹಾಲೂಡಿಸುವ ತಾಯಂದಿರೂ ಮುಟ್ಟಲೇಬಾರದು.

ಮಂಡಿನೋವಿನ ವಿಷಯಕ್ಕೆ ಸಾಕ್ಷ್ಯ ಇನ್ನೂ ಸಪ್ಪೆ. ದೀರ್ಘಕಾಲದ ನೋವಿಗೆ ಸಂಶೋಧನಾ ಪ್ರಯೋಗದ ಹೊರಗೆ ಸಿಬಿಡಿ ಕೊಡಬೇಡಿ ಎಂದು ಬ್ರಿಟನ್ನಿನಲ್ಲಿ ಚಿಕಿತ್ಸಾ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ 2019ರಲ್ಲೇ ಹೇಳಿದೆ. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ ಕೂಡ 2021ರಲ್ಲಿ ಇಂಥ ಬಳಕೆಯನ್ನು ಅನುಮೋದಿಸಲು ಒಪ್ಪಲಿಲ್ಲ. ಲೇಬಲ್ಲನ್ನಾದರೂ ನಂಬೋಣವೆಂದರೆ, ಅಮೆರಿಕದಲ್ಲಿ ಆನ್‌ಲೈನ್ ಮಾರಾಟವಾಗುತ್ತಿದ್ದ 84 ಉತ್ಪನ್ನಗಳನ್ನು ಪರೀಕ್ಷಿಸಿದ 2017ರ ಅಧ್ಯಯನದಲ್ಲಿ ಹೇಳಿದಷ್ಟು ಸಿಬಿಡಿ ಇದ್ದದ್ದು 26ರಲ್ಲಿ ಮಾತ್ರ. 18ರಲ್ಲಿ ಟಿಎಚ್‌ಸಿ ಪತ್ತೆಯಾಯಿತು. ಸಂಧಿವಾತ, ಕ್ಯಾನ್ಸರ್, ಮಧುಮೇಹ ಗುಣವಾಗುತ್ತದೆಂದು ಜಾಹೀರಾತು ಕೊಡುವುದು 1954ರ ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪ್ರಕಾರ ಅಪರಾಧ. ಮೊಬೈಲಿನಲ್ಲಿ ಅಂಥದ್ದು ಕಂಡರೆ ಅದೇ ಆ ಸೀಸೆಯ ಯೋಗ್ಯತೆಯನ್ನು ಹೇಳುತ್ತದೆ.

ಆದ್ದರಿಂದ ತೀರ್ಪು ಎರಡು ಬಗೆ. ಮಾತ್ರೆಗಳಿಗೆ ಬಗ್ಗದ ಫಿಟ್ಸ್ ಇರುವ ಮಗುವಿನ ತಂದೆತಾಯಿ ಈ ಪ್ರಶ್ನೆಯನ್ನು ನಿಮ್ಹಾನ್ಸ್‌ನಂಥ ಕಡೆ ನರರೋಗ ತಜ್ಞರ ಮುಂದಿಡುವುದು ಯುಕ್ತ. ಹೋಗುವಾಗ ನಡೆಯುತ್ತಿರುವ ಮಾತ್ರೆಗಳ ಚೀಟಿ ಕೈಯಲ್ಲಿರಲಿ, ಒಂದು ಮಾತ್ರೆಯನ್ನೂ ತಾವಾಗಿ ನಿಲ್ಲಿಸಬಾರದು. ಮಂಡಿನೋವಿನ ಆ ತಾಯಿಗೆ ಸೀಸೆ ಬೇಡ. ಗಿಡವನ್ನು ಹಿತ್ತಲಲ್ಲೇ ಬೆಳೆದುಕೊಳ್ಳೋಣ, ಕಬ್ಬಿನ ಗದ್ದೆಯ ನಡುವೆ ಯಾರಿಗೆ ಕಾಣುತ್ತದೆ ಎನ್ನುವವರು ಇದ್ದರೆ ಅವರಿಗೆ ಕಾನೂನಿನ ಉತ್ತರ ಸಿದ್ಧವಿದೆ: ಅನುಮತಿಯಿಲ್ಲದೆ ಗಾಂಜಾ ಗಿಡ ಬೆಳೆದರೆ 10 ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ.