ಲೇಸರ್ ದೃಷ್ಟಿ ಶಸ್ತ್ರಚಿಕಿತ್ಸೆ

ಲೇಸರ್ ದೃಷ್ಟಿ ಶಸ್ತ್ರಚಿಕಿತ್ಸೆಯು ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯಾದ ಆಕಾರವನ್ನು ಲೇಸರ್ ಕಿರಣಗಳಿಂದ ಮಾರ್ಪಡಿಸಿ, ಕನ್ನಡಕದ ಅವಲಂಬನೆಯನ್ನು ತಗ್ಗಿಸುವ ಚಿಕಿತ್ಸೆಯಾಗಿದೆ. ಪಿಆರ್‌ಕೆ, ಲಾಸಿಕ್ ಮತ್ತು ಸ್ಮೈಲ್ ಇದರ ಮುಖ್ಯ ವಿಧಾನಗಳು. ತೆಗೆದ ಅಂಗಾಂಶವು ಮತ್ತೆ ಬೆಳೆಯದ ಕಾರಣ, ಚಿಕಿತ್ಸೆಗೆ ಮುಂಚಿನ ಪರೀಕ್ಷೆಯು ಚಿಕಿತ್ಸೆಯಷ್ಟೇ ಮಹತ್ವದ್ದು.

ತತ್ವ

ಕಣ್ಣಿನ ವಕ್ರೀಭವನ ಸಾಮರ್ಥ್ಯದ ಸುಮಾರು ಮೂರನೆಯ ಎರಡು ಭಾಗವು ಕಾರ್ನಿಯಾದಿಂದ ಒದಗುತ್ತದೆ. ಇದರ ನಡುಭಾಗದ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಸಮೀಪದೃಷ್ಟಿ ಇರುವವರಲ್ಲಿ ಬಿಂಬವು ಅಕ್ಷಿಪಟಲದ ಮುಂದೆ ಮೂಡುತ್ತದೆ. ಕಾರ್ನಿಯಾದ ನಡುಭಾಗವನ್ನು ಚಪ್ಪಟೆಗೊಳಿಸಿ ಇದನ್ನು ಸರಿಪಡಿಸಲಾಗುತ್ತದೆ. ದೂರದೃಷ್ಟಿಯಲ್ಲಿ ಅಂಚಿನ ಭಾಗವನ್ನು ಸವೆಸಿ ನಡುಭಾಗದ ಉಬ್ಬನ್ನು ಹೆಚ್ಚಿಸಲಾಗುತ್ತದೆ.

ಇತಿಹಾಸ

1981ರಲ್ಲಿ ಅಮೆರಿಕದ ಐಬಿಎಂ ಸಂಶೋಧನಾ ಕೇಂದ್ರದಲ್ಲಿ ಭಾರತ ಮೂಲದ ರಂಗಸ್ವಾಮಿ ಶ್ರೀನಿವಾಸನ್, ಸ್ಯಾಮುಯೆಲ್ ಬ್ಲಮ್ ಹಾಗೂ ಜೇಮ್ಸ್ ವಿನ್ ಅವರು ಎಕ್ಸೈಮರ್ ಲೇಸರ್ ಸುತ್ತಲಿನ ಭಾಗವನ್ನು ಸುಡದೆ ಜೀವಾಂಗಾಂಶವನ್ನು ಕೊರೆಯಬಲ್ಲದೆಂದು ಕಂಡುಕೊಂಡರು. ಅವರ ಮೊದಲ ಪ್ರಯೋಗ ನಡೆದದ್ದು ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ಮಾಂಸದ ಮೇಲೆ. ನೇತ್ರತಜ್ಞ ಸ್ಟೀಫನ್ ಟ್ರೋಕೆಲ್ ಈ ಶೋಧವನ್ನು ಕಾರ್ನಿಯಾಕ್ಕೆ ಅನ್ವಯಿಸಿದರು.

ವಿಧಾನಗಳು

ಪಿಆರ್‌ಕೆ: ಕಾರ್ನಿಯಾದ ಹೊರಪದರವನ್ನು ತೆಗೆದು, ಅದರಡಿಯ ಭಾಗವನ್ನು ಎಕ್ಸೈಮರ್ ಲೇಸರ್‌ನಿಂದ ರೂಪಿಸುತ್ತಾರೆ. ಹೊರಪದರವು ಕೆಲವು ದಿನಗಳಲ್ಲಿ ತಾನಾಗಿ ಬೆಳೆಯುತ್ತದೆ. ಅಲ್ಲಿಯವರೆಗೆ ನೋವಿರುತ್ತದೆ, ದೃಷ್ಟಿ ನಿಧಾನವಾಗಿ ತಿಳಿಯಾಗುತ್ತದೆ. ತೆಳು ಕಾರ್ನಿಯಾ ಇರುವ ಕೆಲವರಿಗೆ ಇದು ಸೂಕ್ತ.

ಲಾಸಿಕ್: ತೆಳುವಾದ ಪದರವೊಂದನ್ನು ಕತ್ತರಿಸಿ, ಪುಸ್ತಕದ ಹಾಳೆಯಂತೆ ಮಗುಚಿ, ಒಳಭಾಗವನ್ನು ರೂಪಿಸಿದ ಬಳಿಕ ಪದರವನ್ನು ಮತ್ತೆ ಮುಚ್ಚುತ್ತಾರೆ. ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ದೃಷ್ಟಿ ಸುಧಾರಿಸುತ್ತದೆ. ಕಣ್ಣಿಗೆ ಬಲವಾದ ಪೆಟ್ಟು ಬಿದ್ದರೆ ಪದರವು ಸರಿಯುವ ಸಂಭವವಿದೆ.

ಸ್ಮೈಲ್: ಫೆಮ್ಟೊಸೆಕೆಂಡ್ ಲೇಸರ್‌ನಿಂದ ಕಾರ್ನಿಯಾದೊಳಗೆ ಮಸೂರದಾಕಾರದ ತುಣುಕನ್ನು ಬಿಡಿಸಿ, ಕೆಲವೇ ಮಿಲಿಮೀಟರ್ ಉದ್ದದ ಸೀಳಿನಿಂದ ಹೊರತೆಗೆಯುತ್ತಾರೆ. ಇದರ ಮುಖ್ಯ ಬಳಕೆ ಸಮೀಪದೃಷ್ಟಿಗೆ.

ಅರ್ಹತೆ

ಹದಿನೆಂಟು ವರ್ಷ ತುಂಬಿರಬೇಕು. ಕನ್ನಡಕದ ಸಂಖ್ಯೆ ಕನಿಷ್ಠ ಒಂದು ವರ್ಷ ಸ್ಥಿರವಾಗಿರಬೇಕು. ಗರ್ಭಿಣಿಯರು ಹಾಗೂ ಹಾಲುಣಿಸುವ ತಾಯಂದಿರು ಕಾಯುವುದು ಒಳಿತು. ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಉಬ್ಬುವ ಕೆರಟೊಕೋನಸ್ ಇರುವವರಿಗೆ ಲಾಸಿಕ್ ಮಾಡಿದರೆ ದೃಷ್ಟಿ ಮತ್ತಷ್ಟು ಕೆಡಬಹುದು. ಈ ರೋಗದ ಆರಂಭಿಕ ಹಂತವು ಕನ್ನಡಕದ ಪರೀಕ್ಷೆಯಲ್ಲಿ ಕಾಣದಿರಬಹುದಾದುದರಿಂದ ಕಾರ್ನಿಯಾದ ಮೇಲ್ಮೈ ನಕ್ಷೆ ಮತ್ತು ದಪ್ಪದ ಅಳತೆ ಅನಿವಾರ್ಯ. ಲೇಸರ್ ಹೊಂದದ ಕೆಲವರಿಗೆ ಕಣ್ಣಿನೊಳಗೆ ಕೃತಕ ಮಸೂರವನ್ನು ಅಳವಡಿಸುವ ಮಾರ್ಗವಿದೆ.

ಮಿತಿಗಳು

ಕಣ್ಣು ಒಣಗುವುದು, ರಾತ್ರಿ ದೀಪಗಳ ಸುತ್ತ ಪ್ರಭೆ ಕಾಣುವುದು ಸಾಮಾನ್ಯ ತೊಂದರೆಗಳು; ಬಹುತೇಕರಲ್ಲಿ ತಿಂಗಳುಗಳಲ್ಲಿ ಕಡಿಮೆಯಾದರೂ ಕೆಲವರಲ್ಲಿ ಉಳಿಯುತ್ತವೆ. ನಲವತ್ತರ ಆಸುಪಾಸಿನಲ್ಲಿ ಬರುವ ಚಾಳೀಸನ್ನು ಈ ಚಿಕಿತ್ಸೆ ತಡೆಯದು. ತೀವ್ರ ಸಮೀಪದೃಷ್ಟಿಯವರಿಗೆ ಅಕ್ಷಿಪಟಲ ಕಳಚುವ ಅಪಾಯವೂ ಹಾಗೆಯೇ ಉಳಿಯುವುದರಿಂದ ನಿಯಮಿತ ತಪಾಸಣೆ ಅಗತ್ಯ. ಮುಂದೆ ಪೊರೆಯ ಶಸ್ತ್ರಚಿಕಿತ್ಸೆ ಬೇಕಾದಾಗ ಕೃತಕ ಮಸೂರದ ಲೆಕ್ಕಾಚಾರಕ್ಕೆ ಹಳೆಯ ಅಳತೆಗಳು ನೆರವಾಗುತ್ತವೆ. ಆದುದರಿಂದ ಲೇಸರ್‌ಗೆ ಮುಂಚಿನ ದಾಖಲೆಗಳನ್ನು ಜೋಪಾನವಾಗಿ ಇರಿಸಿಕೊಳ್ಳಬೇಕು.