ಬರುವ ನೀರು, ಹೋಗುವ ನೀರು

ಊರಿಗೆ ನೀರು ಬಂದ ಕಥೆಯನ್ನು ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ಕೆರೆಗೆ ಶಾಸನವಿದೆ, ಪಂಪುಮನೆಗೆ ಉದ್ಘಾಟನೆಯ ಫಲಕವಿದೆ. ಬಂದ ನೀರು ಬಚ್ಚಲನ್ನೂ ಕಕ್ಕಸನ್ನೂ ದಾಟಿ ಎಲ್ಲಿಗೆ ಹೋಯಿತೆಂಬ ಕಥೆಗೆ ಮಾತ್ರ ಫಲಕವಿಲ್ಲ. ಮಹದೇವಪುರದಲ್ಲಿ ಮನೆ ಮಾಡಿಕೊಂಡಿರುವ ನನ್ನಂಥವನು ಈ ಎರಡನೆಯ ಕಥೆಯನ್ನು ಮರೆಯಬೇಕೆಂದರೂ ಮೂಗು ಬಿಡುವುದಿಲ್ಲ.

ಹೂಡಿ, ಕಾಡುಗೋಡಿ, ವರ್ತೂರುಗಳು ಹಳ್ಳಿಗಳಾಗಿದ್ದ ಕಾಲದಲ್ಲಿ ಈ ಪ್ರಶ್ನೆಗೆ ಉತ್ತರ ಹಿತ್ತಿಲಲ್ಲೇ ಇತ್ತು. ಬಚ್ಚಲ ನೀರು ಬಾಳೆಯ ಬುಡಕ್ಕೋ ಕೆಸುವಿನ ಪಾತಿಗೋ ಹೋಗುತ್ತಿತ್ತು. ಕಸ ಸಗಣಿ ತಿಪ್ಪೆಗೆ. ಇನ್ನೊಂದು ಬಾಧೆಗೆ ಜನ 'ಕೆರೆ ಕಡೆ' ಹೋಗುತ್ತಿದ್ದರು. ಅದನ್ನು ಸುವರ್ಣಯುಗವೆಂದು ಹೊಗಳುವ ಆಸೆ ನನಗಿಲ್ಲ. ಹೆಂಗಸರು ಕತ್ತಲಾಗುವುದನ್ನು ಕಾಯಬೇಕಾಗಿತ್ತು; ಮಳೆಗಾಲದಲ್ಲಿ ವಾಂತಿಭೇದಿ ಹಳ್ಳಿಗೆ ಹಳ್ಳಿಯನ್ನೇ ಅಲ್ಲಾಡಿಸುತ್ತಿತ್ತು. ಆದರೂ ಅದರಲ್ಲಿ ಒಂದು ವಿವೇಕವಿತ್ತು: ಬಚ್ಚಲ ನೀರನ್ನೂ ಮಲವನ್ನೂ ಯಾರೂ ಬೆರೆಸುತ್ತಿರಲಿಲ್ಲ.

ಈ ವಿವೇಕ ಇಂದು ಎಲ್ಲಿ ಉಳಿದಿದೆಯೆಂದರೆ, ಅಮೆರಿಕದ ಗಾಲಿಮನೆಗಳಲ್ಲಿ. ಮೋಟಾರು ಗಾಡಿಯನ್ನೇ ಮನೆ ಮಾಡಿಕೊಂಡು ಚಳಿಗಾಲವಿಡೀ ಒಂದೇ ಕಡೆ ತಂಗುವವರು ಅಲ್ಲಿದ್ದಾರೆ. ಆ ಮನೆಯ ಅಡಿಯಲ್ಲಿ ಎರಡು ತೊಟ್ಟಿಗಳು. ಮಿಂದ ನೀರು, ಪಾತ್ರೆ ತೊಳೆದ ನೀರು ಒಂದಕ್ಕೆ; ಅದು 'ಬೂದು ನೀರು'. ಕಕ್ಕಸಿನದು ಇನ್ನೊಂದಕ್ಕೆ, ಅದು 'ಕಪ್ಪು ನೀರು'. ತಂಗಿದ ಜಾಗದಲ್ಲಿ ಒಳಚರಂಡಿಯ ಸಂಪರ್ಕವಿಲ್ಲದಿದ್ದರೆ ಯಜಮಾನ ದಿನವೂ ತೊಟ್ಟಿಯ ಮಟ್ಟ ನೋಡಬೇಕು, ಸ್ನಾನದ ನೀರನ್ನು ಚೊಂಬಿನ ಲೆಕ್ಕದಲ್ಲಿ ಬಳಸಬೇಕು, ಹಿಮದಲ್ಲಿ ತೊಟ್ಟಿ ಹೆಪ್ಪುಗಟ್ಟದಂತೆ ಕಾಯಬೇಕು, ತುಂಬಿದಾಗ ಗೊತ್ತುಮಾಡಿದ ಜಾಗಕ್ಕೆ ಒಯ್ದು ಸುರಿದು ಬರಬೇಕು. ತನ್ನ ಕೊಳೆಯ ಲೆಕ್ಕ ತನ್ನ ಕೈಯಲ್ಲೇ. ಅಲ್ಲಿ ಒಂದು ಸಂಸಾರ ಮೂರು ನಾಲ್ಕು ತಿಂಗಳು ನಡೆಸುವ ಈ ಕಾರುಬಾರನ್ನು ನಮ್ಮ ಕಡೆಯ ಊರುಗಳು ದಶಕಗಟ್ಟಲೆ ನಡೆಸಿವೆ. ವ್ಯತ್ಯಾಸವೇನೆಂದರೆ, ಲೆಕ್ಕವಿಡುವ ಯಜಮಾನನೇ ಇರಲಿಲ್ಲ.

ಇದರ ಮೂಲ ನೋಡಬೇಕಾದರೆ ಬೆಂಗಳೂರು ಪೇಟೆಗೆ ಹೋಗಬೇಕು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಹೆಸರಘಟ್ಟದ ನೀರು 1896ರಲ್ಲಿ ಕೊಳವೆಯೊಳಗೆ ಹರಿದು ಊರಿಗೆ ಬಂತು. ಎರಡು ವರ್ಷಕ್ಕೆ, 1898ರಲ್ಲಿ, ಪ್ಲೇಗು ಬಂತು. ಇಕ್ಕಟ್ಟಾದ ಪೇಟೆಯಿಂದ ಜನರನ್ನು ಬಿಡಿಸಿ ಕೂಡಿಸಲು ಮಲ್ಲೇಶ್ವರ, ಬಸವನಗುಡಿಗಳು ಬೆಳೆದವು. ಅಗಲವಾದ ಬೀದಿ, ಗಾಳಿಬೆಳಕಿನ ಮನೆ. ಆದರೆ ಮನೆಗಳ ಬೆನ್ನಿಗೆ ಒಂದು ಕಿರಿದಾದ ಓಣಿ. ಕನ್ಸರ್ವೆನ್ಸಿ ಓಣಿಯೆಂದು ಅದಕ್ಕೆ ಹೆಸರು. ಬೆಳಗಿನ ಜಾವ ಜಾಡಮಾಲಿ ಆ ಓಣಿಯಿಂದ ಬಂದು ಕಕ್ಕಸಿನ ಹಿಂಬಾಗಿಲಿನಿಂದ ಮಲವನ್ನು ಎತ್ತಿಕೊಂಡು ಹೋಗಬೇಕು. ಮುಂಬೀದಿಯಲ್ಲಿ ಅವನ ಮುಖ ಯಾರಿಗೂ ಕಾಣಬಾರದು. ಆ ಬಡಾವಣೆಗಳನ್ನು ಹೊಗಳುವಾಗ ನಾವು ಮುಂದಿನ ಬೀದಿಯನ್ನೇ ನೆನೆಯುತ್ತೇವೆ.

ನಗರದ ನಡುಭಾಗಕ್ಕೆ ಒಳಚರಂಡಿ ಬರಲಾರಂಭಿಸಿದ್ದು 1922ರ ಹೊತ್ತಿಗೆ. ನೀರಿನ ಕೊಳವೆಗೂ ಕೊಳೆಯ ಕೊಳವೆಗೂ ನಡುವೆ ಇಪ್ಪತ್ತಾರು ವರ್ಷ! ಆ ಅಂತರವನ್ನು ತುಂಬಿದ್ದು ಮನುಷ್ಯರ ತಲೆ. ಕೊಳವೆ ಬಾರದ ಬೀದಿಗಳಲ್ಲಿ ಅದು ಮುಂದೆಯೂ ನಡೆಯಿತು. ತಲೆಯ ಮೇಲೆ ಮಲ ಹೊರಿಸಬಾರದೆಂದು ಈ ರಾಜ್ಯದಲ್ಲಿ ಆಜ್ಞೆಯಾದದ್ದು 1970ರ ದಶಕದ ಮೊದಲಲ್ಲಿ, ದೇವರಾಜ ಅರಸರ ಸಂಪುಟದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಗಳಾಗಿದ್ದಾಗ. ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಇದಕ್ಕೆ ಒಂದು ಪುಟವಾದರೂ ಸಲ್ಲಬೇಕಿತ್ತು.

ಇನ್ನು, ಕೊಳವೆಗೆ ಬಿದ್ದದ್ದು ಎಲ್ಲಿಗೆ ಹೋಯಿತು? ಬೆಂಗಳೂರು ದಿಬ್ಬದ ಮೇಲಿನ ಊರು. ಅದರ ನೀರು ಮೂರು ಕಣಿವೆಗಳಲ್ಲಿ ಇಳಿಯುತ್ತದೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು ಬೆಳ್ಳಂದೂರು ಕೆರೆಗೆ ಬಂದು, ಅಲ್ಲಿಂದ ವರ್ತೂರು ಕೆರೆಗೆ ಕೋಡಿ ಬಿದ್ದು, ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಭತ್ತ ಬೆಳೆಸುತ್ತಿದ್ದ ಈ ಕೆರೆಗಳಿಗೆ ನಗರದ ಕೊಳೆ ಸೇರತೊಡಗಿತು. ಕಣಿವೆಯಲ್ಲಿ 1970ರ ದಶಕದಲ್ಲೇ ಶುದ್ಧೀಕರಣದ ಘಟಕ ಕಟ್ಟಿದರೂ ನಗರ ಅದಕ್ಕಿಂತ ಬೇಗ ಬೆಳೆಯಿತು. ಒಳಚರಂಡಿ ಉಳ್ಳವರ ಕೊಳೆ ಒಳಚರಂಡಿ ಇಲ್ಲದವರ ಕೆರೆಗೆ ಬಂತು. 2015ರಲ್ಲಿ ಬೆಳ್ಳಂದೂರಿನ ನೊರೆಗೆ ಬೆಂಕಿ ಹತ್ತಿದಾಗ ಪರದೇಶದ ಪತ್ರಿಕೆಗಳೂ ಬೆರಗಾದವು. ಬಟ್ಟೆ ಒಗೆಯುವ ಪುಡಿಯ ನೊರೆ ವರ್ತೂರು ಕೋಡಿಯಿಂದ ಹಾರಿ ರಸ್ತೆಗೆ ಬೀಳುವುದನ್ನು ನೋಡಿದ್ದ ನಮಗೆ ಅಷ್ಟು ಬೆರಗಾಗಲಿಲ್ಲ.

ಇತ್ತ ನಮ್ಮದೇ ಕೊಳೆಗೆ ದಾರಿಯಿರಲಿಲ್ಲ. 1882ರಲ್ಲಿ ಯುರೇಷಿಯನ್ ಸಂಸಾರಗಳ ಬೇಸಾಯದ ನೆಲೆಯಾಗಿ ಹುಟ್ಟಿದ ವೈಟ್‌ಫೀಲ್ಡ್ ನೂರು ವರ್ಷ ಮೆಲ್ಲಗೆ ಬಾಳಿ, 1990ರ ದಶಕದಲ್ಲಿ ತಂತ್ರಜ್ಞಾನ ಪಾರ್ಕು ಬಂದದ್ದೇ ತಡ, ಉಸಿರುಕಟ್ಟುವಂತೆ ಬೆಳೆಯಿತು. ಮಹದೇವಪುರ ನಗರಸಭೆಯೂ ಸುತ್ತಲ ಹಳ್ಳಿಗಳೂ 2007ರಲ್ಲಿ ಮಹಾನಗರ ಪಾಲಿಕೆಗೆ ಸೇರಿದವು. ತೆರಿಗೆಯ ಚೀಟಿ ಬೇಗ ಬಂತು, ಕೊಳವೆ ನಿಧಾನಿಸಿತು. ಮನೆ ಕಟ್ಟುವವರು ನೆಲ ತೋಡಿ ಸಿಮೆಂಟಿನ ರಿಂಗುಗಳನ್ನು ಒಂದರ ಮೇಲೊಂದು ಇಳಿಸಿ ಗುಂಡಿ ಮಾಡಿಕೊಂಡರು. ತಳಕ್ಕೆ ಗಾರೆಯಿಲ್ಲ, ನೀರು ಇಂಗುತ್ತದೆ, ಹೂಳು ನಿಲ್ಲುತ್ತದೆ. ಇಂಗಿದ ನೀರು ಅಂತರ್ಜಲಕ್ಕೇ ಸೇರತಕ್ಕದ್ದು, ಅದೇ ಬೀದಿಯ ಕೊಳವೆಬಾವಿ ಎತ್ತುವುದೂ ಆ ಜಲವನ್ನೇ. ಬಚ್ಚಲ ನೀರನ್ನೂ ಅದೇ ಗುಂಡಿಗೆ ಬಿಟ್ಟದ್ದರಿಂದ ವರ್ಷಗಳಲ್ಲಿ ತುಂಬಬೇಕಾದದ್ದು ತಿಂಗಳುಗಳಲ್ಲಿ ತುಂಬಿತು. ಕೆಸುವಿನ ಪಾತಿಯ ವಿವೇಕ ಅಲ್ಲಿಗೆ ಮುಗಿಯಿತು.

ಗುಂಡಿ ತುಂಬಿದರೆ ಯಾರೋ ಬರಲೇಬೇಕು. ಗುಂಡಿಗೆ ಮನುಷ್ಯರನ್ನು ಇಳಿಸಕೂಡದೆಂದು 2013ರ ಕಾನೂನು ಹೇಳುತ್ತದೆ. 2017ರ ಮಾರ್ಚಿನಲ್ಲಿ ನಮ್ಮ ನೆರೆಯ ಕಗ್ಗದಾಸಪುರದಲ್ಲಿ ಮ್ಯಾನ್‌ಹೋಲಿನೊಳಗೆ ಮೂವರು ಸತ್ತರು. ಕೊಳೆಯಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಮೊದಲು ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ನಾತ ನಿಂತಿತೆಂದು ಸಮಾಧಾನಪಡುವ ಹೊತ್ತಿಗೆ ಎಚ್ಚರ ತಪ್ಪಿರುತ್ತದೆ. ಒಬ್ಬನನ್ನು ಎತ್ತಲು ಇನ್ನೊಬ್ಬ ಇಳಿದು ಅವನೂ ಸಾಯುವುದು ಇಂಥ ಸಾವುಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ. ಹೀಗೆ ಸತ್ತವರ ಮನೆಗೆ ಹತ್ತು ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ವಿಧಿಸಿತು. 2023ರಲ್ಲಿ ಅದನ್ನು ಮೂವತ್ತು ಲಕ್ಷ ಮಾಡಿತು.

2024ರ ಬೇಸಗೆಯಲ್ಲಿ ನಮ್ಮ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡಿದ್ದಾಯಿತು. ಅದೇ ವರ್ಷ ಅಕ್ಟೋಬರ್ 16ರಂದು ಕಾವೇರಿಯ ಐದನೆಯ ಹಂತ ಉದ್ಘಾಟನೆಯಾಯಿತು: 110 ಹಳ್ಳಿಗಳಿಗಾಗಿ ದಿನಕ್ಕೆ 77.5 ಕೋಟಿ ಲೀಟರು. ಮನೆಗೆ ಬಂದ ನೀರಿನಲ್ಲಿ ನೂರಕ್ಕೆ ಎಂಬತ್ತು ಪಾಲು ಕೊಳೆಯಾಗಿ ಹೊರಡುತ್ತದೆಂಬುದು ಎಂಜಿನಿಯರುಗಳ ಹಳೆಯ ಲೆಕ್ಕ. ಅಂದರೆ ಪೂರ್ತಿ ನೀರು ಹರಿದ ದಿನ 62 ಕೋಟಿ ಲೀಟರಿಗೆ ಹೊರದಾರಿ ಬೇಕು. ಹಳ್ಳಿಗಳ ಒಳಚರಂಡಿಯೂ ಅದೇ ಯೋಜನೆಯ ಕಾಗದದಲ್ಲಿತ್ತು, ನಿಜ. ಆದರೆ ಎರಡೂ ಕೊಳವೆಗಳು ಜೊತೆಯಲ್ಲಿ ಬರುವ ವಾಡಿಕೆ ನಮ್ಮೂರಿನಲ್ಲಿ 1896ರಿಂದಲೂ ಇಲ್ಲ.

ಮೊನ್ನೆ ನಮ್ಮ ಹಿಂದಿನ ಬೀದಿಗೆ ಗುಂಡಿ ಹೀರುವ ಲಾರಿ ಬಂದಿತ್ತು. ಪೈಪು ಸುತ್ತಿಡುತ್ತಿದ್ದ ಡ್ರೈವರನ್ನು, "ಇನ್ನು ಕೊಳವೆ ಬಂದರೆ ನಿನ್ನ ಕಸುಬಿಗೆ ಕುತ್ತಲ್ಲವೇನಪ್ಪಾ?" ಎಂದು ಕೇಳಿದೆ.

"ಅದು ಬಂದಾಗ ನೋಡ್ಕೊಳ್ಳೋಣ ಸಾರ್," ಎಂದ. "ಕಾವೇರಿ ಬಿಟ್ಟ ಮೇಲೆ ಈ ಗುಂಡಿಗೇ ಎರಡು ಸಲ ಬಂದಾಯ್ತು. ಮೊದಲು ಒಂದು ಲೋಡು ಸಾಕಾಗ್ತಿತ್ತು."