ಸಿಗದ ಸಿಗ್ನಲ್ಲಿನ ಚರಿತ್ರೆ

ಲಿನಕ್ಸ್ ಹಾಕಿದರೆ ವೈಫೈ ಸಿಗುವುದಿಲ್ಲ ಎಂಬ ಮಾತು ಕಂಪ್ಯೂಟರ್ ಅಂಗಡಿಗಳಲ್ಲಿ ಗಾದೆಯಷ್ಟೇ ಹಳೆಯದಾಗಿದೆ. ಗಾದೆಗೆ ಕಾರಣ ಕೇಳುವ ವಾಡಿಕೆ ನಮ್ಮಲ್ಲಿಲ್ಲವಾದ್ದರಿಂದ ಇದಕ್ಕೂ ಕಾರಣ ಕೇಳಿದವರು ಕಡಿಮೆ. ಕೇಳಿ ನೋಡಿದರೆ, ತಂತ್ರಾಂಶದ ದೌರ್ಬಲ್ಯ ಎಂದು ನಾವು ಎಣಿಸಿದ್ದರಲ್ಲಿ ದೊಡ್ಡ ಪಾಲು ಬೇರೆಯವರ ಲೆಕ್ಕಕ್ಕೆ ಸೇರಬೇಕಾದದ್ದು ಎಂದು ತಿಳಿಯುತ್ತದೆ. ಒಂದು ಪಾಲು ಗಾಳಿಯಲ್ಲಿ ಹೋಗುವ ಅಲೆಗಳ ಮೇಲೆ ಸರ್ಕಾರ ಇಟ್ಟುಕೊಂಡಿದ್ದ ಹಿಡಿತದ್ದು, ಇನ್ನೊಂದು ಚಿಪ್ ಮಾಡುವ ಕಂಪನಿಗಳ ಗುಟ್ಟಿನದ್ದು, ಮತ್ತೊಂದು ಲ್ಯಾಪ್‌ಟಾಪ್ ಇರುವ ಊರಿನದ್ದು. ಕರಾವಳಿಯ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳನ್ನು ಮುಂದಿಟ್ಟುಕೊಂಡರೆ ಈ ಮೂರೂ ಸ್ಪಷ್ಟವಾಗಿ ಬಿಡಿಬಿಡಿಯಾಗಿ ಕಾಣುತ್ತವೆ. ಲಿನಕ್ಸ್ ಬಲ್ಲವರು ವೈಫೈ ದೋಷ ಹುಡುಕುವಾಗ ಅನುಸರಿಸುವ ಹಂತಗಳು ಯಾರೋ ಕೂತು ಬರೆದ ಪಟ್ಟಿಯಂತೆ ತೋರಿದರೂ, ಪ್ರತಿಯೊಂದು ಹಂತವೂ ಒಂದು ಕಾಲದ ಜಗಳ ಬಿಟ್ಟುಹೋದ ಗುರುತು ಎಂಬುದು ನನ್ನ ವಾದ. ಆ ಜಗಳಗಳು ಗೊತ್ತಿದ್ದರೆ ದೋಷ ಬೇಗ ಸಿಗುತ್ತದೆ. ಗೊತ್ತಿಲ್ಲದಿದ್ದರೆ ಲ್ಯಾಪ್‌ಟಾಪನ್ನೇ ಬದಲಾಯಿಸುವ ಸಲಹೆ ಸಿಗುತ್ತದೆ.

ಗಾಳಿಯ ಮಾತನ್ನು ಮೊದಲು ನೋಡೋಣ. 1933ರ ಭಾರತೀಯ ವಯರ್‌ಲೆಸ್ ಟೆಲಿಗ್ರಾಫಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ವಯರ್‌ಲೆಸ್ ಉಪಕರಣ ಇಟ್ಟುಕೊಳ್ಳುವುದೇ ಅಪರಾಧವಾಗಿತ್ತು. ಈ ಕರಾವಳಿ ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1956ರಲ್ಲಿ ಅದು ಮೈಸೂರು ರಾಜ್ಯಕ್ಕೆ ಬಂದರೂ ಕಾಯ್ದೆ ಬದಲಾಗಲಿಲ್ಲ. ಹಾಡು ಕೇಳುವ ರೇಡಿಯೋಗೂ ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸ್ ಪುಸ್ತಕ ನವೀಕರಿಸಬೇಕಿತ್ತು. ಆ ಪದ್ಧತಿ ಹೋದದ್ದು 1980ರ ದಶಕದಲ್ಲಿ. 1976ರಲ್ಲಿ ಮಂಗಳೂರು ಆಕಾಶವಾಣಿ ಶುರುವಾಯಿತು. ಅದರ 1089 ಕಿಲೋಹರ್ಟ್ಸ್ ಪ್ರಸಾರದ ಕಂಬ ನಿಂತದ್ದು ಬ್ರಹ್ಮಾವರದಲ್ಲಿ. ಹೀಗಾಗಿ ಈ ಭಾಗದವರಿಗೆ ನಿಸ್ತಂತು ಎಂದರೆ ಬಹುಕಾಲ ಒಂದೇ ದಿಕ್ಕಿನ ವ್ಯವಹಾರವಾಗಿತ್ತು: ಸರ್ಕಾರದ ಕಂಬ ಹೇಳುತ್ತಿತ್ತು, ಮನೆಯ ಪೆಟ್ಟಿಗೆ ಕೇಳುತ್ತಿತ್ತು. ಮರಳಿ ಮಾತಾಡುವ ಹಕ್ಕು ಪೊಲೀಸರಿಗೆ, ಬಂದರಿನವರಿಗೆ, ಸೆಟ್ ಇದ್ದ ಮೀನುಗಾರಿಕೆ ದೋಣಿಗಳಿಗೆ, ಹೀಗೆ ಪರವಾನಗಿ ಇದ್ದವರಿಗೆ ಮಾತ್ರ.

ವೈಫೈ ಆ ಏರ್ಪಾಡನ್ನು ಮುರಿಯಿತು, ಏಕೆಂದರೆ ಅದರಲ್ಲಿ ಪ್ರತಿಯೊಂದು ಲ್ಯಾಪ್‌ಟಾಪೂ ಒಂದು ಸಣ್ಣ ಪ್ರಸಾರ ಕೇಂದ್ರ. ಅಮೆರಿಕ 1985ರಲ್ಲೇ ಇಂಥ ಅಲೆಗಳನ್ನು ಪರವಾನಗಿಯಿಂದ ಬಿಡುಗಡೆ ಮಾಡಿತ್ತು. 802.11 ಎಂಬ ಮಾನದಂಡ 1997ರಲ್ಲಿ ಬಂತು, ವೈಫೈ ಎಂಬ ಹೆಸರು 1999ರಲ್ಲಿ. ಭಾರತ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಎಲ್ಲರ ಬಳಕೆಗೆ ಪರವಾನಗಿ ಇಲ್ಲದೆ ಬಿಟ್ಟುಕೊಟ್ಟ ನಿಯಮ ಹೊರಟದ್ದು 2005ರ ಜನವರಿ 28ರಂದು. ಅದೇ ತಿಂಗಳು ಬಿಎಸ್‌ಎನ್‌ಎಲ್ ತನ್ನ ಡೇಟಾವನ್ ಬ್ರಾಡ್‌ಬ್ಯಾಂಡನ್ನೂ ಆರಂಭಿಸಿತು. 5 ಗಿಗಾಹರ್ಟ್ಸ್ ಪಟ್ಟಿ ಮನೆಯ ಹೊರಗೂ ವಿಸ್ತಾರವಾಗಿ ಸಿಗಲು 2018ರ ಅಕ್ಟೋಬರ್ ತನಕ ಕಾಯಬೇಕಾಯಿತು. ಈ ತಾರೀಕುಗಳು ಲಿನಕ್ಸ್ ಒಳಗೆ ಇಂದಿಗೂ ಜೀವಂತವಾಗಿವೆ. ಯಾವ ದೇಶದಲ್ಲಿ ಯಾವ ಚಾನೆಲ್, ಎಷ್ಟು ಶಕ್ತಿ ಎಂಬ ಕೋಷ್ಟಕವೊಂದನ್ನು ಲಿನಕ್ಸ್ ಇಟ್ಟುಕೊಂಡಿರುತ್ತದೆ. ದೇಶ ಗೊತ್ತಾಗದಿದ್ದರೆ ‘00’ ಎಂಬ ಅತಿ ಎಚ್ಚರಿಕೆಯ ನಿಯಮಕ್ಕೆ ಇಳಿಯುತ್ತದೆ. ಅಮೆರಿಕದಲ್ಲಿರುವ ಮಗ ತಂದುಕೊಟ್ಟ ಲ್ಯಾಪ್‌ಟಾಪ್ ಅಲ್ಲಿನ ನಿಯಮವನ್ನೇ ಹೊತ್ತಿದ್ದರೆ 11ನೇ ಚಾನೆಲ್ಲಿಗೆ ನಿಂತುಬಿಡುತ್ತದೆ. ಭಾರತದಲ್ಲಿ 13ರ ತನಕ ಅವಕಾಶವಿದೆ. ಬೈಂದೂರಿನ ಮನೆಯ ರೂಟರ್ ತಾನಾಗಿ 13ನ್ನು ಆರಿಸಿಕೊಂಡಿತೆಂದರೆ ಮನೆಯ ಎಲ್ಲ ಫೋನುಗಳಿಗೂ ಕಾಣುವ ವೈಫೈ ಆ ಲ್ಯಾಪ್‌ಟಾಪಿಗೆ ಮಾತ್ರ ಕಾಣುವುದಿಲ್ಲ. ಯಂತ್ರ ಕೆಟ್ಟಿಲ್ಲ, ಇನ್ನೊಂದು ದೇಶದ ಕಾನೂನನ್ನು ಪಾಲಿಸುತ್ತಿದೆ, ಅಷ್ಟೆ. ದೇಶವನ್ನು ‘ಐಎನ್’ ಎಂದು ತಿಳಿಸುವುದೋ, ರೂಟರನ್ನು 1, 6 ಅಥವಾ 11ಕ್ಕೆ ಕಟ್ಟಿಹಾಕುವುದೋ ಇದರ ಪರಿಹಾರ.

ಎರಡನೆಯ ಪಾಲು ಚಿಪ್ಪಿನದ್ದು. ಲಿನಕ್ಸಿನ ಕುಖ್ಯಾತಿಗೆ ಮುಖ್ಯ ಕಾರಣವೂ ಅದೇ. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸಿನ ತಿರುಳಾದ ಕರ್ನಲ್ ಬರೆದು ಹಂಚಿದಾಗ ಲ್ಯಾಪ್‌ಟಾಪಿನಲ್ಲಿ ರೇಡಿಯೋ ಇರುತ್ತದೆಂಬ ಕಲ್ಪನೆಯೇ ಇರಲಿಲ್ಲ. 2003ರಲ್ಲಿ ಇಂಟೆಲ್ ಸೆಂಟ್ರಿನೋ ಹೆಸರಿನಲ್ಲಿ ವೈಫೈಯನ್ನು ಲ್ಯಾಪ್‌ಟಾಪಿನೊಳಗೇ ಕೂರಿಸಿ ಮಾರತೊಡಗಿತು. ಚಿಪ್ ನಡೆಸುವ ಚಾಲಕ ತಂತ್ರಾಂಶ, ಅಂದರೆ ಡ್ರೈವರ್, ವಿಂಡೋಸಿಗೆ ಮಾತ್ರ ಸಿದ್ಧವಾಗಿ ಬರುತ್ತಿತ್ತು. ಚಿಪ್ಪಿನ ವಿವರಗಳನ್ನು ಕೇಳಿದರೆ ಬ್ರಾಡ್‌ಕಾಮ್‌ನಂಥ ಕಂಪನಿಗಳು ಕೊಡುತ್ತಿರಲಿಲ್ಲ. ಇದಕ್ಕೆ ಲಿನಕ್ಸ್ ಬಳಗ ಎರಡು ದಾರಿ ಹುಡುಕಿತು. ಪಾಂಟಸ್ ಫುಕ್ಸ್ ಮತ್ತು ಗಿರಿಧರ್ ಪೆಮ್ಮಸಾನಿ ಬೆಳೆಸಿದ ಎನ್‌ಡಿಐಎಸ್‌ರ್‍ಯಾಪರ್ ವಿಂಡೋಸಿನ ಡ್ರೈವರನ್ನೇ ಲಿನಕ್ಸಿನೊಳಗೆ ಕೂರಿಸಿ, ಅದು ವಿಂಡೋಸಿನಲ್ಲೇ ಇದೆ ಎಂದು ನಂಬಿಸುತ್ತಿತ್ತು. ಎರಡನೆಯದು ಕಷ್ಟದ ದಾರಿ. ಒಂದು ತಂಡ ಬ್ರಾಡ್‌ಕಾಮ್ ಚಿಪ್ಪಿನ ನಡವಳಿಕೆಯನ್ನು ಗಮನಿಸಿ ವಿವರ ಬರೆದಿಟ್ಟಿತು. ಆ ಬರಹವನ್ನಷ್ಟೇ ಓದಿ ಇನ್ನೊಂದು ತಂಡ ಹೊಸ ಡ್ರೈವರ್ ಬರೆಯಿತು. ಹಾಗೆ ಹುಟ್ಟಿದ ಡ್ರೈವರ್ 2006ರಲ್ಲಿ ಕರ್ನಲ್ಲಿಗೆ ಸೇರಿತು. ಅಥೆರೋಸ್ 2008ರಲ್ಲಿ ಮುಕ್ತ ಡ್ರೈವರ್ ಕೊಟ್ಟಿತು. ಬ್ರಾಡ್‌ಕಾಮ್ ಮಣಿದದ್ದು 2010ರಲ್ಲಿ.

ಡ್ರೈವರ್ ಬಂದರೂ ಫರ್ಮ್‌ವೇರ್ ಎಂಬ ಇನ್ನೊಂದು ತುಂಡು ಬೇಕಿತ್ತು. ಚಿಪ್ ಎಚ್ಚರವಾದ ಕೂಡಲೇ ಅದರೊಳಗೆ ತುಂಬಬೇಕಾದ ಕಡತ ಅದು. ಬ್ರಾಡ್‌ಕಾಮ್ ಅದನ್ನು ಹಂಚಲು ಒಪ್ಪಿಗೆ ಕೊಡದಿದ್ದುದರಿಂದ ಬಳಕೆದಾರನೇ ವಿಂಡೋಸ್ ಡ್ರೈವರ್ ಇಳಿಸಿಕೊಂಡು ಅದರಿಂದ ಕತ್ತರಿಸಿ ತೆಗೆಯಬೇಕಿತ್ತು. ಅಂತರ್ಜಾಲ ಸಿಗಬೇಕಾದರೆ ಅಂತರ್ಜಾಲ ಬೇಕು ಎಂಬ ಸ್ಥಿತಿ. ಬೆಂಗಳೂರಿನ ಕಚೇರಿಯಲ್ಲಿ ಕೈಗೆಟಕುವಲ್ಲೇ ನೆಟ್‌ವರ್ಕ್ ಕೇಬಲ್ ಇದ್ದವನಿಗೆ ಇದು ಹತ್ತು ನಿಮಿಷದ ಕೆಲಸ. ಕೊಲ್ಲೂರು ರಸ್ತೆಯ ಒಳಊರಿನಲ್ಲಿ ಇದ್ದವನಿಗೆ ಪೆನ್‌ಡ್ರೈವ್ ಹಿಡಿದು ಪೇಟೆಗೆ ಹೋಗಿ ಬರುವ ಕೆಲಸ. ಒಂದೇ ದೋಷಕ್ಕೆ ಊರಿಂದ ಊರಿಗೆ ಬೇರೆ ಬೇರೆ ಬೆಲೆ ತೆರಬೇಕಾಗುತ್ತದೆ ಎಂಬುದನ್ನು ತಂತ್ರಾಂಶದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇಲ್ಲಿ ಲಿನಕ್ಸ್ ಬಳಗದ ತಪ್ಪನ್ನೂ ಹೇಳಬೇಕು. ಕಂಪನಿಗಳು ಹಂಚಲು ಒಪ್ಪಿದ ಫರ್ಮ್‌ವೇರನ್ನು ಕೂಡ, ಅದರ ಮೂಲ ಸಂಕೇತ ಮುಕ್ತವಲ್ಲ ಎಂಬ ತತ್ವಕ್ಕೆ ಕಟ್ಟುಬಿದ್ದು, ಡೆಬಿಯನ್ ಎಂಬ ಲಿನಕ್ಸ್ ವಿತರಣೆ ತನ್ನ ಅಧಿಕೃತ ಅನುಸ್ಥಾಪಕದಿಂದ ಹೊರಗಿಟ್ಟಿತ್ತು. 2022ರಲ್ಲಿ ಮತ ಹಾಕಿ ಅದನ್ನು ಬದಲಾಯಿಸಿ, 2023ರ 12ನೇ ಆವೃತ್ತಿಯಿಂದ ಒಳಗೆ ಸೇರಿಸಿತು. ತತ್ವ ಒಳ್ಳೆಯದಿದ್ದರೂ ಅದರ ಭಾರ ಬಿದ್ದದ್ದು ಸಂಪರ್ಕಕ್ಕೆ ಬೇರೆ ದಾರಿ ಇಲ್ಲದವರ ಮೇಲೆ. ಈಗ ಫೋನನ್ನು ಯುಎಸ್‌ಬಿ ಕೇಬಲ್ಲಿನಿಂದ ಜೋಡಿಸಿ ಅದರ ಇಂಟರ್ನೆಟ್ಟನ್ನೇ ಲ್ಯಾಪ್‌ಟಾಪಿಗೆ ಕೊಡಬಹುದಾದ್ದರಿಂದ ಈ ಗಂಟು ಬಹುಮಟ್ಟಿಗೆ ಬಿಡಿಸಿದಂತಾಗಿದೆ.

ಮೂರನೆಯದು ಊರಿನ ಪಾಲು. ಪುಸ್ತಕಗಳಲ್ಲಿ ಇದಕ್ಕೆ ಒಂದು ಸಾಲು ಸಿಕ್ಕರೆ ಹೆಚ್ಚು, ನಮ್ಮ ಕಡೆ ಮಾತ್ರ ಮೊದಲು ನೋಡಬೇಕಾದದ್ದೇ ಇದು. ಬ್ರಹ್ಮಾವರದ ಕಂಬದಿಂದ ಹೊರಟ 1089 ಕಿಲೋಹರ್ಟ್ಸ್ ಅಲೆಯ ಉದ್ದ ಸುಮಾರು 275 ಮೀಟರ್. ಅದು ನೆಲಕ್ಕೆ ಅಂಟಿಕೊಂಡೇ ಗುಡ್ಡ, ತೋಟ, ಮನೆಗಳನ್ನು ಲೆಕ್ಕಿಸದೆ ಸಾಗುತ್ತದೆ. ಗಂಗೊಳ್ಳಿಯ ದೋಣಿಯಲ್ಲಿ ವಿಎಚ್‌ಎಫ್ ಸೆಟ್ ಇದ್ದರೆ ಅದರ 16ನೇ ಚಾನೆಲ್ಲಿನ ಅಲೆ ಎರಡು ಮೀಟರಿಗೂ ಸ್ವಲ್ಪ ಕಡಿಮೆ; ಸಮುದ್ರದ ಮೇಲೆ ಅಡ್ಡ ಏನೂ ಇಲ್ಲದಿದ್ದರೆ ಹತ್ತಾರು ಕಿಲೋಮೀಟರ್ ಹೋಗುತ್ತದೆ. ವೈಫೈಯ 2.4 ಗಿಗಾಹರ್ಟ್ಸ್ ಅಲೆ ಹನ್ನೆರಡು ಸೆಂಟಿಮೀಟರ್ ಚಿಲ್ಲರೆ, 5 ಗಿಗಾಹರ್ಟ್ಸ್‌ನದ್ದು ಅದರ ಅರ್ಧ. ಈ ಗಿಡ್ಡ ಅಲೆಗಳು ಸೋಲುವುದು ಗೋಡೆಗೆ, ಅದರಲ್ಲೂ ಮಳೆಗಾಲದಲ್ಲಿ ನೀರು ಕುಡಿದ ದಪ್ಪ ಮುರಕಲ್ಲಿನ ಗೋಡೆಗೆ. ಹಳೆಯ ಹೆಂಚಿನ ಮನೆಯ ಚಾವಡಿಯಲ್ಲಿಟ್ಟ ರೂಟರ್ ಹಿಂದಿನ ಕೋಣೆಗೆ ತಲುಪದಿದ್ದರೆ ಡ್ರೈವರನ್ನು ದೂರಿ ಫಲವಿಲ್ಲ. ಲಿನಕ್ಸ್ ಇದನ್ನು ಅಂಕಿಯಲ್ಲೇ ತೋರಿಸುತ್ತದೆ: ಸಿಗ್ನಲ್ ಮೈನಸ್ 50 ಡಿಬಿಎಂ ಇದ್ದರೆ ಒಳ್ಳೆಯದು, ಮೈನಸ್ 80 ಎಂದರೆ ಅದರ ಸಾವಿರದ ಒಂದು ಪಾಲು. ಲ್ಯಾಪ್‌ಟಾಪನ್ನು ಎತ್ತಿಕೊಂಡು ರೂಟರಿನ ಪಕ್ಕಕ್ಕೆ ಹೋದಾಗ ಅಂಕಿ ಸುಧಾರಿಸಿ ಸಂಪರ್ಕವೂ ಕೂಡಿಬಂದರೆ ತಪ್ಪು ಗೋಡೆಯದ್ದು. ಅಲ್ಲೂ ಬಾರದಿದ್ದರೆ ಮಾತ್ರ ಯಂತ್ರವನ್ನು ಅನುಮಾನಿಸಬೇಕು. ಇದಕ್ಕೆ ಕರಾವಳಿಯ ಗುಡುಗು ಸಿಡಿಲನ್ನೂ ಸೇರಿಸಬೇಕು. ಆಕಾಶ ಕಪ್ಪಾದರೆ ಫೋನಿನ ತಂತಿಯನ್ನೂ ಪ್ಲಗ್ಗನ್ನೂ ಕಿತ್ತಿಡುವ ವಾಡಿಕೆ ಬೆಳೆದದ್ದು ತಾಮ್ರದ ತಂತಿಯಲ್ಲಿ ಬಂದ ಸಿಡಿಲಿಗೆ ಮೋಡೆಮ್‌ಗಳು ಸುಟ್ಟ ಅನುಭವದಿಂದ. ಸಂಪರ್ಕವನ್ನು ತರುವ ಗಾಜಿನ ಫೈಬರ್ ಸಿಡಿಲನ್ನು ತರುವುದಿಲ್ಲ. ಆದರೆ ಕರೆಂಟಿನ ತಂತಿ ಈಗಲೂ ತರುತ್ತದೆ.

ಈ ವಾದಕ್ಕೆ ಕೇಳಿಬರುವ ಮೊದಲ ಆಕ್ಷೇಪ ಸರಳವಾದದ್ದು: ವಿಂಡೋಸಿನಲ್ಲಿ ಇಷ್ಟೆಲ್ಲ ಇಲ್ಲವಲ್ಲ, ಹಾಕಿದ ಕೂಡಲೇ ಸಿಗುತ್ತದಲ್ಲ? ನಿಜ, ಸಿಗುತ್ತದೆ, ಚಿಪ್ ಮಾಡಿದವರೇ ವಿಂಡೋಸಿಗೆ ಡ್ರೈವರ್ ಬರೆದು ಕೊಟ್ಟಿರುತ್ತಾರೆ. ಅದರ ಇನ್ನೊಂದು ಮಗ್ಗುಲು ಕಾಣುವುದು ಯಂತ್ರ ಹಳತಾದಾಗ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 11ಕ್ಕೆ ಏರಲು ಆಗದ ಹಳೆಯ ಲ್ಯಾಪ್‌ಟಾಪುಗಳು ನಡುನೀರಿನಲ್ಲಿ ನಿಂತವು. ಲಿನಕ್ಸಿನಲ್ಲಾದರೆ ಕಂಪನಿಗಳು ಮರೆತ ಚಿಪ್ಪುಗಳಿಗೂ, ಯಾರೋ ಗುದ್ದಾಡಿ ಬರೆದು ಕರ್ನಲ್ಲಿಗೆ ಸೇರಿಸಿದ ಡ್ರೈವರ್ ಇನ್ನೂ ಕೆಲಸ ಮಾಡುತ್ತಿರುತ್ತದೆ. ಹೊಸದರಲ್ಲಿ ವಿಂಡೋಸಿಗಿದ್ದ ಅನುಕೂಲ ಹಳತಾದ ಮೇಲೆ ಲಿನಕ್ಸಿನ ಕಡೆಗೆ ವಾಲುತ್ತದೆ. ಹೊಸ ಲ್ಯಾಪ್‌ಟಾಪ್ ಕೊಳ್ಳುವುದು ಸುಲಭವಲ್ಲದ ಮನೆಗಳಿಗೆ ಮುಖ್ಯವಾಗುವುದು ಈ ಎರಡನೆಯ ಅನುಕೂಲವೇ.

ಇನ್ನೊಂದು ಆಕ್ಷೇಪ: ಈ ಊರುಗಳಲ್ಲಿ ಲಿನಕ್ಸ್ ಬಳಸುವವರಾದರೂ ಎಷ್ಟು ಮಂದಿ? ಲ್ಯಾಪ್‌ಟಾಪಿನ ಮಟ್ಟಿಗೆ ಕಡಿಮೆಯೇ ಇರಬಹುದು. ಆದರೆ ಪ್ರತಿ ಆಂಡ್ರಾಯ್ಡ್ ಫೋನಿನ ತಳದಲ್ಲಿರುವುದು ಲಿನಕ್ಸ್ ಕರ್ನಲ್. ಹೆಚ್ಚಿನ ಮನೆ ರೂಟರುಗಳ ಒಳಗಿರುವುದೂ ಅದೇ. ಲಿಂಕ್‌ಸಿಸ್ ಕಂಪನಿಯ ಡಬ್ಲ್ಯುಆರ್‌ಟಿ54ಜಿ ರೂಟರ್ ಲಿನಕ್ಸನ್ನು ಬಳಸಿಕೊಂಡೂ ಅದರ ಶರತ್ತಿನಂತೆ ಮೂಲ ಸಂಕೇತ ಕೊಟ್ಟಿಲ್ಲವೆಂದು 2003ರಲ್ಲಿ ಬಯಲಾಗಿ, ಒತ್ತಾಯಕ್ಕೆ ಅದು ಹೊರಬಂದು, ಮರುವರ್ಷ ಓಪನ್‌ಡಬ್ಲ್ಯುಆರ್‌ಟಿ ಯೋಜನೆ ಹುಟ್ಟಿತು. 2004ರಲ್ಲೇ ಕರ್ನಲ್ ಬರೆಯುವವರಲ್ಲೊಬ್ಬನಾದ ಹೆರಾಲ್ಡ್ ವೆಲ್ಟೆ ಇಂಥದೇ ಕಾರಣಕ್ಕೆ ಸೈಟ್‌ಕಾಮ್ ಎಂಬ ರೂಟರ್ ಕಂಪನಿಯ ವಿರುದ್ಧ ಮ್ಯೂನಿಕ್ ನ್ಯಾಯಾಲಯದಲ್ಲಿ ತಡೆಯಾಜ್ಞೆ ಪಡೆದ. ಕುಂದಾಪುರದ ಮನೆಯೊಂದರಲ್ಲಿ ಫೋನಿನಿಂದ ರೂಟರಿಗೆ ಹೋಗುವ ಪ್ರತಿ ಸಂದೇಶವೂ ಸಾಮಾನ್ಯವಾಗಿ ಒಂದು ಲಿನಕ್ಸಿನಿಂದ ಇನ್ನೊಂದಕ್ಕೆ ಹೋಗುತ್ತದೆ. ಇದೇ ಕರಾವಳಿಯಲ್ಲಿ ತೆಂಕಣಕ್ಕೆ ಹೋದರೆ, ಕೇರಳ 2001ರಲ್ಲಿ ಆರಂಭಿಸಿದ ಐಟಿ@ಸ್ಕೂಲ್ ಯೋಜನೆ ಸರ್ಕಾರಿ ಶಾಲೆಗಳನ್ನು ಮುಕ್ತ ತಂತ್ರಾಂಶಕ್ಕೆ ಒಯ್ಯಿತು. 2017ರಲ್ಲಿ ಅದು ಕೈಟ್ ಎಂಬ ಕಂಪನಿಯಾಯಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕನ್ನಡ ಪಠ್ಯಪುಸ್ತಕ ಹಿಡಿದು ಕಲಿಯುತ್ತಿರುವುದು ಲಿನಕ್ಸ್ ಯಂತ್ರಗಳಲ್ಲೇ. ಕನ್ನಡದಲ್ಲಿ ಇದು ಆಗದ ಕೆಲಸ ಎನ್ನುವವರಿಗೆ ಉತ್ತರ ಅಲ್ಲಿದೆ.

ಕೊನೆಯ ಆಕ್ಷೇಪ ಹೆಚ್ಚು ಗಟ್ಟಿ: ಇದೆಲ್ಲ ಮುಗಿದ ಕತೆ, ಈಗಿನ ಲಿನಕ್ಸಿನಲ್ಲಿ ವೈಫೈ ತಾನಾಗಿ ಸಿಗುತ್ತದೆ. ಬಹುತೇಕ ಸಿಗುತ್ತದೆ, ಒಪ್ಪಿದೆ. ಆದರೆ ಜಗಳ ಮುಗಿದಿಲ್ಲ, ಅಗ್ಗದ ಸರಕಿನ ಕಡೆಗೆ ಸರಿದಿದೆ. ಕಡಿಮೆ ಬೆಲೆಯ ಲ್ಯಾಪ್‌ಟಾಪುಗಳಲ್ಲಿ ಬಂದ ರಿಯಲ್‌ಟೆಕ್ 8821ಸಿಇ ಚಿಪ್ಪಿಗೆ ಕರ್ನಲ್ಲಿನೊಳಗೆ ಡ್ರೈವರ್ ಸೇರಿದ್ದು 2020ರ ಹೊತ್ತಿಗೆ. ಅಲ್ಲಿಯತನಕ ಬಳಕೆದಾರರು ಹೊರಗಿನ ಡ್ರೈವರನ್ನು ತಾವೇ ಕಟ್ಟಿಕೊಳ್ಳಬೇಕಿತ್ತು. ಕರ್ನಲ್ ಬದಲಾದಾಗ ಅದು ಕೈಕೊಡುತ್ತಿತ್ತು. ನಿನ್ನೆ ಸರಿಯಿದ್ದ ವೈಫೈ ಅಪ್‌ಡೇಟ್ ಆದ ಮೇಲೆ ಮಾಯವಾದರೆ ಮೊದಲು ಕೇಳಬೇಕಾದ ಪ್ರಶ್ನೆ ಇದೇ, ಡ್ರೈವರ್ ಒಳಗಿನದ್ದೋ ಹೊರಗಿನದ್ದೋ ಎಂದು. ಬೂಟ್ ಆಗುವಾಗ ಹಳೆಯ ಕರ್ನಲ್ಲನ್ನು ಆರಿಸಿ ನೋಡಿದರೆ ಉತ್ತರ ಸಿಗುತ್ತದೆ.

ಹಾಗಾದರೆ ಈ ಮೂರು ತಾಲೂಕುಗಳಲ್ಲಿ ದೋಷ ಹುಡುಕುವ ಕ್ರಮ ಚರಿತ್ರೆಯ ಕ್ರಮಕ್ಕೆ ತಿರುವುಮುರುವಾಗಿರಬೇಕು. ಚರಿತ್ರೆ ಕಾನೂನಿನಿಂದ ಚಿಪ್ಪಿಗೆ, ಚಿಪ್ಪಿನಿಂದ ಮನೆಗೆ ಬಂತು. ಹುಡುಕಾಟ ಮನೆಯಿಂದ ಶುರುವಾಗಬೇಕು. ಕರೆಂಟ್ ಇದೆಯೇ, ಲೈನ್ ಬಂದಿದೆಯೇ, ಫೋನಿನಲ್ಲಿ ಅದೇ ವೈಫೈ ನಡೆಯುತ್ತದೆಯೇ ಎಂದು ನೋಡಿ, ರೂಟರಿನ ಹತ್ತಿರ ಹೋಗಿ ಅಂಕಿ ಓದಬೇಕು. ಆಮೇಲೆ ಆರ್‌ಎಫ್‌ಕಿಲ್ ಆಜ್ಞೆ ಕೊಟ್ಟು ರೇಡಿಯೋ ಬಂದ್ ಆಗಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ನಂತರ ಚಿಪ್ ಯಾವುದು, ಅದಕ್ಕೆ ಡ್ರೈವರ್ ಕೂತಿದೆಯೇ, ಫರ್ಮ್‌ವೇರ್ ಸಿಗಲಿಲ್ಲವೆಂಬ ಸಾಲು ಕರ್ನಲ್ಲಿನ ದಾಖಲೆಯಲ್ಲಿ ಇದೆಯೇ ಎಂದು ನೋಡಬೇಕು. ದೇಶದ ನಿಯಮ ಕೊನೆಗೆ. ಈ ಎಲ್ಲ ಹಂತಗಳಲ್ಲೂ ಯಂತ್ರ ಏನು ಮಾಡಿತು, ಎಲ್ಲಿ ನಿಂತಿತು ಎಂದು ಲಿನಕ್ಸ್ ಬರೆದಿಟ್ಟಿರುತ್ತದೆ, ಓದಲು ಯಾರ ಅಪ್ಪಣೆಯೂ ಬೇಕಿಲ್ಲ. ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಗೆ ಹೋಗಬೇಕಿದ್ದ ಕಾಲಕ್ಕೂ ಇಂದಿಗೂ ಇರುವ ನಿಜವಾದ ವ್ಯತ್ಯಾಸ ಅದು. ಹಾಗಾಗಿ ರಿಪೇರಿ ಕಲಿಸುವ ಐಟಿಐಗಳೂ ಕಾಲೇಜುಗಳೂ ಆಜ್ಞೆಗಳ ಪಟ್ಟಿಯ ಜೊತೆಗೆ ಅವು ಹುಟ್ಟಿದ ಕಾರಣವನ್ನೂ ಹೇಳಿಕೊಟ್ಟರೆ, ಗಾದೆಯನ್ನು ನಂಬಿ ಲ್ಯಾಪ್‌ಟಾಪ್ ಬದಲಾಯಿಸುವ ಖರ್ಚು ಹಲವು ಮನೆಗಳಿಗೆ ಉಳಿಯುತ್ತದೆ.